ಕೆಂಪು ಮುಖ

ಬಾಗಿಲ ಬಳಿ ಮೂರು ಮುಖದ ಯಂತ್ರವೊಂದನ್ನು ನಿಲ್ಲಿಸಿದ್ದಾರೆ:
ಹಸಿರು ನಗುತ್ತದೆ, ಹಳದಿ ಸುಮ್ಮನಿರುತ್ತದೆ,
ಕೆಂಪಿಗೆ ತುಟಿ ಕೆಳಗೆ.
ಇಂದಿನ ಸೇವೆ ಹೇಗಿತ್ತು, ಒತ್ತಿ ಹೋಗಿ.
ಟ್ರೂಲ್ಸ್ ಹೇಳಿದ: ಒಡ್ನಿ, ಇನ್ನು ಮೇಲೆ ಓದುಗರಿಲ್ಲ,
ಗಿರಾಕಿಗಳು. ಎದುರು ಬಂದವರಿಗೆ
ಮೂರು ಸೆಕೆಂಡಿನೊಳಗೆ ಮುಗುಳ್ನಗೆ.
ತರಬೇತಿಯಲ್ಲಿ ಆಳಿಗೊಂದು ಕನ್ನಡಿ ಕೊಟ್ಟಿದ್ದರು.
ನನ್ನ ನಗೆ ನನಗೇ
ಕೈಸಾಲ ಕೇಳಲು ಬಂದವರ ನಗೆಯಂತೆ ಕಂಡಿತು.

ನವೆಂಬರಿನ ಕೊನೆ. ಟ್ರೊಮ್ಸೋದಿಂದ ಸೂರ್ಯ ಎರವಲು ಹೋಗಿ ಮೂರು ದಿನ.
ಜನವರಿಗೆ ವಾಪಸು. ತಡವಾದರೂ ಅವನಿಗೆ ದಂಡವಿಲ್ಲ.
ಹನ್ನೆರಡಕ್ಕೆ ಕಿಟಕಿ ನೀಲಿ, ಎರಡಕ್ಕೆ ಮಸಿ.

ಆಗ ಬಂದರು ಮುದುಕರೊಬ್ಬರು,
ಬೂಟಿನ ಹಿಮ ಕೊಡವಿ, ಕೊಡವಿ,
ಕೊನೆಗೆ ಬೂಟನ್ನೇ ಕಳಚಿ ಕೈಯಲ್ಲಿ ಹಿಡಿದು
ಉಣ್ಣೆಯ ಕಾಲುಚೀಲದಲ್ಲಿ, ಹೆಬ್ಬೆರಳಿಗೆ ಬೇರೆ ಬಣ್ಣದ ತೇಪೆ.
"ಇದು ಓದುವ ಮಕ್ಕಳಿಗೆ ಮಾತ್ರವೇ?" ಎಂದರು,
ಪರರ ದೋಣಿ ಹತ್ತಲು ಅಪ್ಪಣೆ ಕೇಳುವ ದನಿಯಲ್ಲಿ.
ಮೂರು ಸೆಕೆಂಡು ಆಗಲೇ ಕಳೆದಿತ್ತು, ನಗಲು ಮರೆತೆ.
ಬೂಟು ಇಸಿದುಕೊಂಡು ಹೀಟರಿನ ಪಕ್ಕ ಇಟ್ಟೆ,
'ಹಿಂದಿರುಗಿಸಿದ ಪುಸ್ತಕಗಳು' ಫಲಕದ ಕೆಳಗೆ.

"ಗುನ್‌ವೊರ್, ನನ್ನ ಮಗಳು. ಇಲ್ಲಿ ಓದಿದಳು.
ಏನೋ ಬರೆದಳಂತೆ. ಮೀನಿನ ಕಿವಿಯ ಬಗ್ಗೆ."
ಹೆಸರು ಒತ್ತಿದೆ, ನಂಬರು ಬಂತು: ನೆಲಮಾಳಿಗೆ.
ನಂಬರು ಬರೆದುಕೊಟ್ಟು ಮೆಟ್ಟಿಲ ಕಡೆ ಕೈ ಮಾಡುವುದು ನಿಯಮ.
ನನ್ನಜ್ಜಿ ಅನ್ನುತ್ತಿದ್ದಳು, ಬಂದವರಿಗೆ ದಾರಿಯನ್ನು
ಬೆರಳಿಂದ ತೋರಿಸಬೇಡ, ಕಾಲಿಂದ ತೋರಿಸು.
ಚೀಟಿ ಅಂಟಿಸಿ ಇಳಿದೆ. ಮೆಟ್ಟಿಲ ತುಂಬ ನನ್ನ ಹೆಜ್ಜೆಯದೇ ಸದ್ದು;
ಅವರಿದ್ದಾರೋ ಇಲ್ಲವೋ ಎಂದು
ಎರಡು ಸಲ ತಿರುಗಿ ನೋಡಿದೆ.

ತೆಳು ನೀಲಿ ರಟ್ಟು. ಎಳೆದಾಗ
ಅಕ್ಕಪಕ್ಕದವೂ ಅಂಟಿಕೊಂಡು ಜೊತೆಗೇ ಬಂದವು.
ಹನ್ನೊಂದು ವರ್ಷ ಯಾರೂ ಮುಟ್ಟಿಲ್ಲ
ಎಂದು ನಾನು ಹೇಳಲಿಲ್ಲ.
ಇಂಗ್ಲಿಷಿನಲ್ಲಿತ್ತು. ಅವರಿಗೆ ಬಾರದು. ಚಿತ್ರ ನೋಡಿದರು:
ಕಾಡ್ ಮೀನಿನ ಕಿವಿಯೊಳಗೆ ಅವರೆಕಾಳಿನಂಥ ಕಲ್ಲು,
ಸೀಳಿದರೆ ವರ್ಷಕ್ಕೊಂದು ಉಂಗುರ, ಮರದ ಹಾಗೆ.
ಉಗುರಿಟ್ಟು ಎಣಿಸಿದರು. "ಏಳು. ಸರಿಯಾಗಿದೆ."
ಮಗಳ ಲೆಕ್ಕಕ್ಕೆ ರುಜು ಹಾಕಿದಂತೆ.

ಮೊದಲ ಪುಟದಲ್ಲಿ ಒಂದೇ ಒಂದು ಸಾಲು ನಮ್ಮ ಭಾಷೆಯದು.
ಅವರ ಕನ್ನಡಕ ಮನೆಯಲ್ಲಿ.
ಮೇಲೆ ಓಡಿ, ಕಳೆದುಹೋದ ಸಾಮಾನಿನ ಡಬ್ಬದಿಂದ ಮೂರು ತಂದೆ;
ಎರಡನೆಯದು, ಯಾವಳೋ ಹುಡುಗಿಯ ಗುಲಾಬಿ ಚೌಕಟ್ಟು, ಹೊಂದಿತು.
'ಮಾರ್ಫ್ರಿಡ್ ದೋಣಿಗೆ, ಮತ್ತು
ತಲೆಗಳನ್ನು ಎಸೆಯದೆ ಇಟ್ಟುಕೊಟ್ಟ ಅಪ್ಪನಿಗೆ.'
ಬಹಳ ಹೊತ್ತು ಗುಲಾಬಿ ಕನ್ನಡಕ ಕದಲಲಿಲ್ಲ.
"ಆ ಚಳಿಗಾಲ," ಎಂದರು, "ಬಕೆಟ್ಟಿನ ನಾತಕ್ಕೆ
ಇವಳಮ್ಮ ನಮ್ಮಿಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ."

ಮಗಳು ಈಗೆಲ್ಲಿ, ನಾನು ಕೇಳಲಿಲ್ಲ.
ಕೇಳದಿರುವುದೂ ಒಂದು ಉಪಚಾರ;
ತರಬೇತಿಯ ಹದಿನಾರು ಅಂಶಗಳಲ್ಲಿ ಅದಿರಲಿಲ್ಲ.
ನೆಲಮಾಳಿಗೆಯಲ್ಲಿ ಕಾಫಿ ನಿಷಿದ್ಧ. ತಂದುಕೊಟ್ಟೆ.

ಹೊರಡುವಾಗ ಬೂಟು ಬೆಚ್ಚಗಿತ್ತು. ಕಾಲು ತೂರಿಸಿ
"ಓ" ಎಂದರು, ಅಷ್ಟೇ.
ಯಂತ್ರದ ಮುಂದೆ ನಿಂತು ಯೋಚಿಸಿ
ಹೆಬ್ಬೆರಳಿಂದ, ಹಗ್ಗದ ಗಂಟು ಬಿಗಿಯುವವರಂತೆ,
ಕೆಂಪು ಒತ್ತಿದರು.
ತಿರುಗಿ ನನಗೆ ಕೈ ಬೀಸಿದರು.

ಸೋಮವಾರ ಟ್ರೂಲ್ಸ್ ಹಾಳೆ ಹಿಡಿದು ಬಂದ:
"ಗುರುವಾರ ಎರಡು ಐವತ್ತಕ್ಕೆ
ಒಬ್ಬ ಗಿರಾಕಿ ಅತೃಪ್ತ. ಏನಾಯಿತು?"
ಕತ್ತಲಲ್ಲಿ ಬಂದರಿಗೆ ಮರಳುವ ದೋಣಿಗೆ
ಎಡಕ್ಕೆ ಕೆಂಪು ದೀಪ ಕಂಡರೆ ದಾರಿ ಸರಿಯೆಂದು ಅರ್ಥ,
ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ?
ಇಲ್ಲವೇ ಅವರಿಗೆ
ನಿಜವಾಗಿಯೂ ಕಾಫಿ ಹಿಡಿಸಿರಲಿಕ್ಕಿಲ್ಲ.
"ವಿಚಾರಿಸುತ್ತೇನೆ" ಎಂದೆ.

ಪುಡಿ ಬದಲಿಸಿದ್ದೇನೆ.